ಮಗನಿಗೂ ಗೊತ್ತಿರಲಿ ಅಕ್ಕಿ ಡಬ್ಬ ಯಾವುದೆಂದು

‘ಅಮ್ಮಾ, ನನ್ನ ಸಾಕ್ಸ್ ಎಲ್ಲಿ?’ ‘ಅಮ್ಮಾ, ನೀರಿನ ಬಾಟಲಿ ತುಂಬಿದ್ಯಾ?’ ಬೆಳಗ್ಗೆ ಏಳೂವರೆಗೆ ನಿಮ್ಮ ಮನೆಯಲ್ಲೂ ಇದೇ ಕೂಗು ಅಲ್ವಾ? ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಬಾಚಣಿಗೆ ಹಿಡಿದು ಓಡಾಡುತ್ತಲೇ ‘ಪಾಪ, ಮಕ್ಕಳು ಓದಿಕೊಳ್ಳಲಿ’ ಎಂದು ಎಲ್ಲವನ್ನೂ ನಾವೇ ಮೈಮೇಲೆ ಎಳೆದುಕೊಳ್ಳುತ್ತೇವೆ.

ನಾನೂ ಹಾಗೇ ಇದ್ದೆ. ಹೋದ ವರ್ಷ ಜ್ವರ ಬಂದು ನಾಲ್ಕು ದಿನ ಹಾಸಿಗೆ ಹಿಡಿದೆ. ಮನೆಯವರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಸಂಜೆ ಅಡುಗೆಮನೆಯಲ್ಲಿ ಏನೋ ಸದ್ದಾಯಿತೆಂದು ಎದ್ದು ನೋಡಿದರೆ, ಹತ್ತು ವರ್ಷದ ಮಗಳು ಸ್ಟೂಲ್ ಹತ್ತಿ ನನಗೆ ಗಂಜಿ ಮಾಡಲು ಗ್ಯಾಸ್ ಹಚ್ಚುತ್ತಿದ್ದಾಳೆ. ಹದಿಮೂರರ ಮಗ ಪಕ್ಕದಲ್ಲಿ ನಿಂತು ‘ಅಕ್ಕಿ ಯಾವ ಡಬ್ಬದಲ್ಲಿರುತ್ತೆ?’ ಅಂತ ಅವಳನ್ನು ಕೇಳುತ್ತಿದ್ದಾನೆ! ಎದೆ ಧಸಕ್ಕೆಂದಿತು. ಹೋಗಿ ಗ್ಯಾಸ್ ಆರಿಸಿದೆ. ‘ಅಣ್ಣನಿಗೆ ಯಾಕಮ್ಮಾ ನೀನು ಏನೂ ಹೇಳಿಕೊಟ್ಟಿಲ್ಲ?’ ಎಂದಳು ಮಗಳು. ನನ್ನ ಬಳಿ ಉತ್ತರವಿರಲಿಲ್ಲ. ತಟ್ಟೆ ಎತ್ತಿಡಲು, ಬಟ್ಟೆ ಮಡಚಲು ನಾನು ಕರೆಯುತ್ತಿದ್ದುದು ಅವಳನ್ನೇ.

ಇದು ನನ್ನ ಮನೆಯ ಕಥೆ ಮಾತ್ರ ಅಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲೇ ಕಳೆದರೆ, ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ ಮಾತ್ರ! ಈ ಅಂತರ ಮದುವೆಯ ನಂತರ ಹುಟ್ಟುವುದಲ್ಲ. ನಾವು ಯಾವ ಮಗುವನ್ನು ಕೆಲಸಕ್ಕೆ ಕರೆಯುತ್ತೇವೆ ಎಂಬಲ್ಲೇ ಶುರುವಾಗುತ್ತದೆ.

ಯಾವ ವಯಸ್ಸಿಗೆ ಯಾವ ಕೆಲಸ?

* 3-4 ವರ್ಷ: ಆಟದ ಸಾಮಾನು ಬುಟ್ಟಿಗೆ ತುಂಬುವುದು, ಚಪ್ಪಲಿ ಸ್ಟ್ಯಾಂಡಿನಲ್ಲಿಡುವುದು, ಕೊಳೆಬಟ್ಟೆ ಬಕೆಟ್‌ಗೆ ಹಾಕುವುದು.

* 5-7 ವರ್ಷ: ಊಟಕ್ಕೆ ತಟ್ಟೆ, ಲೋಟ ಇಡುವುದು, ಅವರೆಕಾಯಿ ಸುಲಿಯುವುದು, ಗಿಡಗಳಿಗೆ ನೀರು ಹಾಕುವುದು.

* 8-10 ವರ್ಷ: ಹಾಸಿಗೆ ಮಡಚುವುದು, ಕಸ ಗುಡಿಸುವುದು, ತಮ್ಮ ಟಿಫಿನ್ ಡಬ್ಬಿ ತಾವೇ ತೊಳೆಯುವುದು.

* 11-13 ವರ್ಷ: ಚಪಾತಿ ಹಿಟ್ಟು ಕಲಸುವುದು, ಅಂಗಡಿಯಿಂದ ಸಾಮಾನು ತಂದು ಲೆಕ್ಕ ಕೊಡುವುದು, ನೀವು ಪಕ್ಕದಲ್ಲಿದ್ದಾಗ ಹಾಲು ಕಾಯಿಸುವುದು.

* 14 ದಾಟಿದ ಮೇಲೆ: ಅನ್ನ, ಸಾರು, ಬಟ್ಟೆ ಇಸ್ತ್ರಿ, ವಾಷಿಂಗ್ ಮೆಷಿನ್.

ಒಲೆ ಮುಟ್ಟುವ ಮೊದಲು ರೆಗ್ಯುಲೇಟರ್ ಆಫ್ ಮಾಡುವುದನ್ನು ಕಲಿಸಿ. ಗ್ಯಾಸ್ ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟದೆ, ಕಿಟಕಿ, ಬಾಗಿಲು ತೆರೆದು ಹೊರಗೆ ಬರಬೇಕು. ಸೋರಿಕೆ ತಿಳಿಸಲು 1906ಕ್ಕೆ ಫೋನ್ ಮಾಡಬೇಕು. ಇದು ಮಗ-ಮಗಳು ಇಬ್ಬರಿಗೂ ಬಾಯಿಪಾಠ ಆಗಿರಲಿ.

ಇವು ನೆನಪಿರಲಿ

* ಮಗು ಮಡಚಿದ ಬಟ್ಟೆಯನ್ನು ಅದರೆದುರೇ ಬಿಚ್ಚಿ ಮತ್ತೆ ಮಡಚಬೇಡಿ. ನಾಳೆಯಿಂದ ಅದು ಆ ಕಡೆ ತಲೆಹಾಕುವುದಿಲ್ಲ.

* ‘ಮಾರ್ಕ್ಸ್ ಕಮ್ಮಿ ಬಂತು, ಪಾತ್ರೆ ತೊಳೆ’ ಎನ್ನಬೇಡಿ. ಮನೆಗೆಲಸ ಶಿಕ್ಷೆಯಲ್ಲ.

* ಪ್ರತಿ ಕೆಲಸಕ್ಕೂ ದುಡ್ಡು, ಚಾಕಲೇಟಿನ ಆಸೆ ಬೇಡ. ‘ನೀನು ಮಾಡಿದ್ದರಿಂದ ನನಗೆ ಅರ್ಧ ಗಂಟೆ ಸಿಕ್ತು ಕಣೋ’ ಎಂದರೆ ಸಾಕು.

* ಪರೀಕ್ಷೆ ಸಮಯದಲ್ಲಿ ರಿಯಾಯಿತಿ ಕೊಡಿ. ಆದರೆ ಇಬ್ಬರಿಗೂ ಒಂದೇ ನಿಯಮವಿರಲಿ.

ಮಗನ ಕೈಗೆ ಪೊರಕೆ ಕೊಟ್ಟಾಗ ಊರಿಂದ ಬಂದಿದ್ದ ಅತ್ತೆಯವರು, ‘ಗಂಡು ಹುಡುಗನ ಕೈಲಿ ಕಸ ಗುಡಿಸೋದಾ?’ ಎಂದು ಮೂಗು ಮುರಿದರು. ‘ನಾಳೆ ಹಾಸ್ಟೆಲ್‌ಗೆ ಹೋದರೆ ಬೇಕಾಗುತ್ತೆ ಅತ್ತೆ’ ಎಂದು ಸುಮ್ಮನಾದೆ, ವಾದ ಮಾಡಲಿಲ್ಲ.

ಮೊನ್ನೆ ನನಗೆ ಮತ್ತೆ ತಲೆನೋವು. ಮಗನೇ ಅನ್ನ, ತಿಳಿಸಾರು ಮಾಡಿದ. ಮಗಳು ತಟ್ಟೆ ಹಾಕಿದಳು. ಸಾರಿಗೆ ಉಪ್ಪು ಕೊಂಚ ಜಾಸ್ತಿಯಾಗಿತ್ತು. ಅತ್ತೆಯವರು ಏನೂ ಹೇಳದೆ ಇನ್ನೊಂದು ಸಲ ಬಡಿಸಿಕೊಂಡರು.

ಇವತ್ತು ಸಂಜೆ ಕಾಫಿ ಕುಡಿದ ಲೋಟ ತೊಳೆಯಲು ನೀವು ಯಾರನ್ನು ಕರೆಯುತ್ತೀರಿ? ಒಮ್ಮೆ ಮಗನ ಹೆಸರು ಕೂಗಿ ನೋಡಿ.