ಜಗಲಿಗೆ ಬಂದ ಲೇಖಕ, ಚಾಪೆಯ ಮೇಲಿನ ಗಾಯಕ

ಗೊತ್ತಾದ ತಿಥಿಯಿಲ್ಲದೆ ಬರುವವನೇ ಅತಿಥಿ ಎಂದು ಹಿರಿಯರು ಆ ಪದಕ್ಕೆ ಅರ್ಥ ಹೇಳುವುದುಂಟು. ಇಂದಿನ ಅತಿಥಿಗಾದರೋ ತಿಥಿಯ ಜೊತೆಗೆ ಗಂಟೆ, ನಿಮಿಷಗಳೂ ಆಮಂತ್ರಣ ಪತ್ರಿಕೆಯಲ್ಲಿ ಮೊದಲೇ ಅಚ್ಚಾಗಿರುತ್ತವೆ. ಮುಖ್ಯ ಅತಿಥಿ, ಗೌರವಾನ್ವಿತ ಅತಿಥಿ, ವಿಶೇಷ ಆಹ್ವಾನಿತ ಎಂಬ ಶ್ರೇಣಿಗಳೂ ಅಲ್ಲಿವೆ. ಲೇಖಕರೊಬ್ಬರು ಬರುತ್ತಾರೆ, ಹಾರ, ಶಾಲು, ಹಣ್ಣಿನ ಬುಟ್ಟಿ ಸ್ವೀಕರಿಸುತ್ತಾರೆ, ಹದಿನೈದು ನಿಮಿಷ ಮಾತನಾಡಿ ಮುಂದಿನ ಸಭೆಗೆಂದು ಕಾರು ಹತ್ತುತ್ತಾರೆ. ಗಾಯಕರಿಗೆ ದೊರೆಯುವುದು ಪ್ರಾರ್ಥನಾಗೀತೆಯ ಮೂರು ನಿಮಿಷ. ಭಾಷಣಕಾರರು ತಡವಾದರೆ ಕಾಲ ಕಳೆಯಲು ಇನ್ನೆರಡು ಹಾಡು. ಸಭೆ ಮುಗಿಸಿ ಮನೆಗೆ ಬಂದ ಮಕ್ಕಳನ್ನು ‘ಬಂದವರು ಏನು ಬರೆದಿದ್ದಾರೆ?’ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಪ್ರಿಯ ಓದುಗರೇ, ಕಥೆ ಬರೆಯುವವರನ್ನೂ ಹಾಡುವವರನ್ನೂ ನಾವು ಏತಕ್ಕಾಗಿ ಕರೆಯುತ್ತೇವೆ ಎಂಬುದನ್ನು ಈ ವಾರ ಒಟ್ಟಾಗಿ ಯೋಚಿಸೋಣ.

ಈ ಸೀಮೆಯ ಹಳೆಯ ಪಾಠ

ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯು ಮಾಜಿ ಮುಖ್ಯಮಂತ್ರಿ ದಿವಂಗತ ರಾಮಕೃಷ್ಣ ಹೆಗಡೆಯವರ ಮನೆತನದಿಂದಾಗಿ ನಾಡಿಗೆಲ್ಲ ಪರಿಚಿತವಾದ ಊರು. ದೊಡ್ಮನೆಯನ್ನು ಒಳಗೊಂಡ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಈ ಸೀಮೆಗೆ ಅತಿಥಿ ಕಲಾವಿದರನ್ನು ಬರಮಾಡಿಕೊಳ್ಳುವ ಬಗೆ ಹೊಸತಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಮನೆಯ ಜಗಲಿಯ ಮೇಲೆ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಒಂದು ಚಾಪೆಯ ಮೇಲೆ ಭಾಗವತರು ಮತ್ತು ಹಿಮ್ಮೇಳದವರು. ಅವರ ಎದುರುಬದುರು ಅರ್ಥಧಾರಿಗಳು. ಭಾಗವತರು ಪದ್ಯ ಹಾಡಿದೊಡನೆ ಅರ್ಥಧಾರಿಯು ಅದರ ಮಾತನ್ನು ಸ್ಥಳದಲ್ಲಿಯೇ ಕಟ್ಟಬೇಕು. ಆ ಗಳಿಗೆಯಲ್ಲಿ ಆತನೇ ಲೇಖಕ; ಆದರೆ ಆತನ ಕೈಯಲ್ಲಿ ಲೇಖನಿಯಿಲ್ಲ.

ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳೂ ಶಿರಸಿ ತಾಲ್ಲೂಕಿನ ನೆಬ್ಬೂರು ನಾರಾಯಣ ಭಾಗವತರಂತಹ ಗಾಯಕರೂ ಈ ಕಲೆಗೆ ತಂದ ಗೌರವ ಸಾಮಾನ್ಯವಾದುದಲ್ಲ. ಇಬ್ಬರೂ ಇಂದು ನಮ್ಮೊಡನಿಲ್ಲ. ಶೇಣಿಯವರು 2006ರಲ್ಲಿ, ನೆಬ್ಬೂರರು 2019ರಲ್ಲಿ ಅಗಲಿದರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಮಾತುಗಾರನಿಗೂ ಹಾಡುಗಾರನಿಗೂ ಒಂದೇ ಚಾಪೆ. ಯಾರೊಬ್ಬರೂ ಇನ್ನೊಬ್ಬರ ಬಿಡುವನ್ನು ತುಂಬಲು ಬಂದವರಲ್ಲ. ಎರಡನೆಯದು, ಕೇಳುಗರಿಗೆ ಕಥೆ ಮೊದಲೇ ಗೊತ್ತು. ಕರ್ಣ ಸಾಯುತ್ತಾನೆ, ವಾಲಿ ಬೀಳುತ್ತಾನೆ ಎಂಬುದು ಜಗಲಿಯ ಮೂಲೆಯಲ್ಲಿ ಕುಳಿತ ಹುಡುಗನಿಗೂ ತಿಳಿದಿದೆ. ಗೊತ್ತಿರುವ ಚೌಕಟ್ಟಿನೊಳಗೆ ಈ ಸಲದ ಅತಿಥಿ ಏನನ್ನು ಹೊಸದಾಗಿ ಕಾಣಿಸುತ್ತಾನೆ ಎಂಬುದೇ ಅವರ ಕುತೂಹಲ. ಆದುದರಿಂದ ಅಲ್ಲಿಯ ಕೇಳುಗ ಕೇವಲ ಪ್ರೇಕ್ಷಕನಲ್ಲ, ಬಲ್ಲವನು.

ಅಮೆರಿಕದ ಓದುಗರು ಕಟ್ಟಿದ ಸಭೆ

ಇಂತಹದೇ ಬಲ್ಲ ಓದುಗರು ಸಾವಿರಾರು ಮೈಲಿ ದೂರದಲ್ಲಿ ಬೇರೊಂದು ಬಗೆಯ ಸಭೆಯನ್ನು ಕಟ್ಟಿದರು. ಪತ್ತೇದಾರಿ ಕಥೆ, ವೈಜ್ಞಾನಿಕ ಕಥೆ, ಅದ್ಭುತ ಕಥೆ ಮೊದಲಾದವು ತಮ್ಮದೇ ಚೌಕಟ್ಟನ್ನು ಹೊಂದಿದ ಪ್ರಕಾರಗಳು. ವಿಮರ್ಶಕರು ಇವುಗಳನ್ನು ಪಕ್ಕಕ್ಕಿಟ್ಟರೂ ಓದುಗರು ಬಿಡಲಿಲ್ಲ. 1939ರ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 200 ಮಂದಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಸೇರಿ ಮೊದಲ ವಿಶ್ವ ಸಮಾವೇಶ ನಡೆಸಿದರು. ಯುದ್ಧದ ಕಾರಣ 1942ರಿಂದ 1945ರವರೆಗೆ ನಿಂತದ್ದನ್ನು ಬಿಟ್ಟರೆ ವರ್ಲ್ಡ್‌ಕಾನ್ ಎಂಬ ಹೆಸರಿನ ಈ ಸಮಾವೇಶ ವರ್ಷವರ್ಷವೂ ನಡೆದುಬಂದಿದೆ. 2007ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ, 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಸೇರಿತು.

ಆ ಮೊದಲ ಸಮಾವೇಶದ ಗೌರವ ಅತಿಥಿ ಯಾರು ಗೊತ್ತೇ? ಫ್ರಾಂಕ್ ಆರ್. ಪಾಲ್ ಎಂಬ ಚಿತ್ರಕಾರ. ಅಗ್ಗದ ಪತ್ರಿಕೆಗಳ ಮುಖಪುಟಕ್ಕೆ ಆಕಾಶನೌಕೆಗಳನ್ನೂ ಅನ್ಯಲೋಕದ ನಗರಗಳನ್ನೂ ಬರೆದವರು. ಓದುಗರು ತಮಗೆ ಆನಂದ ಕೊಟ್ಟವರನ್ನು ಕರೆದರು. ಪದವಿ, ಪ್ರಶಸ್ತಿಗಳನ್ನು ನೋಡಿ ಕರೆಯಲಿಲ್ಲ.

ಸಂಗೀತವೂ ಅಲ್ಲಿಗೆ ಹಾಗೆಯೇ ಬಂದಿತು. ಹಗಲು ಚರ್ಚೆ ಮುಗಿಸಿದ ಓದುಗರು ರಾತ್ರಿ ವೃತ್ತಾಕಾರವಾಗಿ ಕುಳಿತು, ತಾವು ಮೆಚ್ಚಿದ ಕಥೆಗಳ ಮೇಲೆ ತಾವೇ ಕಟ್ಟಿದ ಹಾಡುಗಳನ್ನು ಸರದಿಯ ಮೇಲೆ ಹಾಡತೊಡಗಿದರು. 1950ರ ದಶಕದಲ್ಲಿ ಲೇಖನವೊಂದರ ಶೀರ್ಷಿಕೆಯಲ್ಲಿ ಜಾನಪದ ಎಂಬರ್ಥದ ‘ಫೋಕ್’ ಪದವು ಅಕ್ಷರದೋಷದಿಂದ ‘ಫಿಲ್ಕ್’ ಎಂದಾಯಿತು. ಅವರು ಆ ತಪ್ಪನ್ನೇ ಪ್ರೀತಿಯಿಂದ ಎತ್ತಿಕೊಂಡು ತಮ್ಮ ಹಾಡಿನ ಬಗೆಗೆ ಹೆಸರಾಗಿಸಿದರು. ಇಂದು ಅನೇಕ ಸಮಾವೇಶಗಳಲ್ಲಿ ಅತಿಥಿ ಲೇಖಕರ ಜೊತೆಗೆ ಫಿಲ್ಕ್ ಸಂಗೀತದ ಅತಿಥಿಯೂ ಇರುತ್ತಾರೆ.

ಕಥೋಲಿಕ ಕುಟುಂಬಗಳಿಗೆ ಇನ್ನೊಂದು ಸಂಗತಿ ರುಚಿಸೀತು. 1985ರಲ್ಲಿ ಮೆಲ್ಬರ್ನ್ ನಗರದ ವಿಶ್ವ ಸಮಾವೇಶಕ್ಕೆ ಗೌರವ ಅತಿಥಿಯಾಗಿದ್ದ ಜೀನ್ ವುಲ್ಫ್ ಕಥೋಲಿಕ ಲೇಖಕರು. ವ್ಯಾಟಿಕನ್ ಖಗೋಳ ವೀಕ್ಷಣಾಲಯಕ್ಕೆ 2015ರಿಂದ ಹತ್ತು ವರ್ಷ ನಿರ್ದೇಶಕರಾಗಿದ್ದ ಯೇಸುಸಭೆಯ ಬ್ರದರ್ ಗಯ್ ಕನ್ಸೊಲ್ಮಾನ್ಯೊ ಅವರು ಇಂತಹ ಸಮಾವೇಶಗಳಲ್ಲಿ ಓದುಗರೊಡನೆ ಕುಳಿತು ಮಾತನಾಡುತ್ತ ಬಂದವರು. ನಕ್ಷತ್ರಗಳ ಕಥೆ ಓದುವವರ ನಡುವೆ ನಕ್ಷತ್ರಗಳನ್ನು ಅಭ್ಯಸಿಸುವ ಸನ್ಯಾಸಿಗೆ ಮುಜುಗರವೇನೂ ಆಗಲಿಲ್ಲ.

ಕನ್ನಡದಲ್ಲಿ ಆಸನ ದೊರೆಯದವರು

ನಮ್ಮ ನಾಡಿನಲ್ಲಿ 1915ರಿಂದ ಸಾಹಿತ್ಯ ಸಮ್ಮೇಳನಗಳು ನಡೆಯುತ್ತಿವೆ. ಅವು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಒಂದು ಕಾಲದಲ್ಲಿ ಬಸ್ ನಿಲ್ದಾಣದ ಅಂಗಡಿಯಿಂದ ಹಿಡಿದು ಬಾಡಿಗೆ ಪುಸ್ತಕಾಲಯದವರೆಗೆ ಜನ ಮುಗಿಬಿದ್ದು ಓದುತ್ತಿದ್ದ ಪತ್ತೇದಾರಿ ಕಾದಂಬರಿಗಳ ಲೇಖಕರಿಗೆ ಇಂತಹ ವೇದಿಕೆಗಳಲ್ಲಿ ದೊರೆತ ಸ್ಥಾನ ಎಷ್ಟು? ಎನ್. ನರಸಿಂಹಯ್ಯನವರು ಓದಿದ್ದು ಪ್ರಾಥಮಿಕ ಶಾಲೆಯವರೆಗೆ. ಬರೆದ ಕಾದಂಬರಿಗಳು ಐನೂರನ್ನು ಮೀರಿದವು. ಅಕ್ಷರ ಕಲಿತು ಅಲ್ಲಿಗೇ ನಿಂತುಬಿಡಬಹುದಾಗಿದ್ದ ಎಷ್ಟೋ ಜನರನ್ನು ಪುಸ್ತಕ ಓದುವವರನ್ನಾಗಿ ಮಾಡಿದವರು ಅವರು. 2011ರಲ್ಲಿ ತೀರಿಕೊಂಡರು. ನಾವು ಇಂದು ಹೆಮ್ಮೆಯಿಂದ ಹಾರಿಸುವ ಹಳದಿ ಕೆಂಪು ಬಣ್ಣದ ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಅವರ ಬಾವುಟ ಸಾಹಿತ್ಯದ ಮೆರವಣಿಗೆಯಲ್ಲಿ ಮುಂದಿದೆ. ಅವರ ಬರವಣಿಗೆಯ ಪ್ರಕಾರ ಮಾತ್ರ ಬೀದಿಯ ಅಂಚಿನಲ್ಲಿ ನಿಂತಿದೆ. ರಾಜಶೇಖರ ಭೂಸನೂರಮಠರು ಕನ್ನಡಕ್ಕೆ ವೈಜ್ಞಾನಿಕ ಕಥೆಯ ದಾರಿ ತೆರೆದವರಲ್ಲಿ ಪ್ರಮುಖರು. ಅವರ ಹೆಸರನ್ನು ನಮ್ಮ ಪ್ರೌಢಶಾಲೆಗಳ ಎಷ್ಟು ಮಕ್ಕಳು ಬಲ್ಲರು?

ಮಕ್ಕಳ ಕಾದಂಬರಿಯ ಪಾಡೂ ಇದೇ. ಇಲ್ಲಿ ನಮಗೆ ಹತ್ತಿರದವರೊಬ್ಬರನ್ನು ನೆನೆಯಬೇಕು. ನೆರೆಯ ಸಾಗರದ ನಾ. ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿ, ಶರಾವತಿ ಯೋಜನೆಯ ಪ್ರದೇಶದಲ್ಲಿ ದುಡಿದು, ಮುಳುಗಡೆಯ ಸಂಕಟವನ್ನು ಕಣ್ಣಾರೆ ಕಂಡವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿಂತು ಊರುಗಳು ನೀರಿನಡಿ ಸೇರಿದವು. ಆ ಊರುಗಳ ಬದುಕು ಅವರ ಕಥೆಗಳಲ್ಲಿ ಉಳಿಯಿತು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. ಅದೇ ಮುಳುಗಡೆಯನ್ನು ಅವರು ಮಕ್ಕಳಿಗೂ ಹೇಳಿದರು. ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿತು. 2014ರ ಜನವರಿಯಲ್ಲಿ ಮಡಿಕೇರಿಯ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ನಮ್ಮ ಸಮುದಾಯ ಸಂಭ್ರಮಿಸಿತು, ಅಭಿನಂದಿಸಿತು. 2025ರ ಜನವರಿ 5ರಂದು ಅವರು ನಿಧನರಾದಾಗ ಶೋಕಿಸಿತು. ಸಂಭ್ರಮಕ್ಕೂ ಶೋಕಕ್ಕೂ ನಡುವೆ ಹನ್ನೊಂದು ವರ್ಷಗಳಿದ್ದವು. ಆ ಅವಧಿಯಲ್ಲಿ ಅವರ ಒಂದು ಮಕ್ಕಳ ಕಾದಂಬರಿಯನ್ನು ಪೂರ್ತಿ ಓದಿದ ಬಾಲಕರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ? ಪ್ರತಿಯೊಂದು ಕುಟುಂಬವೂ ತನ್ನಲ್ಲಿಯೇ ಲೆಕ್ಕ ಹಾಕಿಕೊಳ್ಳಲಿ.

ಹಾಜರಿ ಮತ್ತು ಸಾನ್ನಿಧ್ಯ

ಫ್ರಾನ್ಸಿನ ಕಥೋಲಿಕ ತತ್ತ್ವಜ್ಞಾನಿ ಗಾಬ್ರಿಯೆಲ್ ಮಾರ್ಸೆಲ್ (1889–1973) ನಾಟಕಕಾರರೂ ಹೌದು, ಸಂಗೀತ ರಚನೆ ಮಾಡಿದವರೂ ಹೌದು. ಅವರ ಚಿಂತನೆಯಲ್ಲಿ ಒಂದು ಸೂಕ್ಷ್ಮ ಭೇದವಿದೆ. ಒಬ್ಬ ಮನುಷ್ಯ ನಮ್ಮ ಪಕ್ಕದಲ್ಲಿಯೇ ಕುಳಿತಿದ್ದರೂ ನಮ್ಮೊಡನೆ ಇಲ್ಲದಿರಬಹುದು. ದೇಹ ಅಲ್ಲಿದೆ, ಮನಸ್ಸು ನಮಗೆ ತೆರೆದಿಲ್ಲ. ಅದು ಹಾಜರಿ. ಇನ್ನೊಬ್ಬನು ತನ್ನನ್ನು ನಮಗೆ ಒಪ್ಪಿಸಿಕೊಂಡು ಕೇಳುತ್ತಾನೆ, ಮಾತನಾಡುತ್ತಾನೆ. ಅದು ಸಾನ್ನಿಧ್ಯ. ನಮ್ಮ ಸಭೆಗಳು ಅತಿಥಿಯ ಹಾಜರಿಯನ್ನು ಪಡೆಯುತ್ತವೆ, ಸಾನ್ನಿಧ್ಯವನ್ನು ಪಡೆಯುವುದಿಲ್ಲ. ದೋಷ ಅತಿಥಿಯದೇ ಎನ್ನಲಾಗದು. ತನ್ನ ಒಂದು ಪುಟವನ್ನೂ ಓದದ ಸಭೆಯೆದುರು ಯಾವ ಲೇಖಕ ತಾನೇ ಮನಸ್ಸು ತೆರೆದಾನು?

ಇದು ಸಾಧ್ಯವೆಂಬುದಕ್ಕೆ ಸಿದ್ದಾಪುರದಿಂದ ಹೆಚ್ಚು ದೂರವಿಲ್ಲದ ಹೆಗ್ಗೋಡು ಸಾಕ್ಷಿ. 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅಲ್ಲಿ ನಡೆಯುತ್ತ ಬಂದ ಸಂಸ್ಕೃತಿ ಶಿಬಿರಗಳಿಗೆ ಹೆಸರಾಂತ ಲೇಖಕರೂ ಸಂಗೀತಗಾರರೂ ಬಂದರು. ಯು.ಆರ್. ಅನಂತಮೂರ್ತಿಯವರು ಹಲವಾರು ವರ್ಷ ಅಲ್ಲಿದ್ದು ಮಾತನಾಡಿದರು. ಶಿಬಿರಾರ್ಥಿಗಳಲ್ಲಿ ಶಾಲಾ ಶಿಕ್ಷಕರು, ಗೃಹಿಣಿಯರು, ಕೃಷಿಕರು, ವಿದ್ಯಾರ್ಥಿಗಳು. ಬೆಳಿಗ್ಗೆ ಉಪನ್ಯಾಸ ನೀಡಿದವರೇ ಮಧ್ಯಾಹ್ನದ ಊಟಕ್ಕೆ ಪಕ್ಕದಲ್ಲಿರುತ್ತಾರೆ. ಸಂಜೆ ನಾಟಕವನ್ನು ಎಲ್ಲರೂ ಕೂಡಿ ನೋಡುತ್ತಾರೆ. ಮರುದಿನ ಅದರ ಮೇಲೆ ಚರ್ಚೆಯಾಗುತ್ತದೆ. ಪ್ರಶ್ನೆ ಕೇಳಲು ಯಾರಿಗೂ ಪದವಿ ಬೇಕಿಲ್ಲ. ಅಡಿಕೆ ತೋಟಗಳ ನಡುವಿನ ಸಣ್ಣ ಹಳ್ಳಿಯೊಂದು ಇದನ್ನು ಮಾಡಿ ತೋರಿಸಿತು.

ನಮ್ಮಿಂದ ಆಗುವುದೇನು?

ನಮ್ಮ ಚರ್ಚುಗಳಿಗೆ ಸಭಾಂಗಣಗಳಿವೆ, ಗಾಯನವೃಂದಗಳಿವೆ, ವಾರ್ಷಿಕ ಹಬ್ಬಗಳಿವೆ. ದೊಡ್ಡ ಖರ್ಚಿಲ್ಲದೆ ಮಾಡಬಹುದಾದ ಕೆಲವನ್ನು ಕುಟುಂಬಗಳ ಮುಂದಿಡುತ್ತೇನೆ.

ವರ್ಷಕ್ಕೆ ಒಬ್ಬರೇ ಲೇಖಕರನ್ನು ಕರೆಯೋಣ. ಅವರು ಪತ್ತೇದಾರಿ ಕಥೆ ಬರೆದವರಾಗಲಿ, ಮಕ್ಕಳ ಕಥೆ ಬರೆದವರಾಗಲಿ, ಸಂಕೋಚ ಬೇಡ. ಕರೆಯುವ ಮೂರು ತಿಂಗಳು ಮುಂಚೆ ಅವರ ಒಂದು ಪುಸ್ತಕದ ಹತ್ತು ಪ್ರತಿಗಳನ್ನು ಕೊಂಡು ಮನೆಯಿಂದ ಮನೆಗೆ ದಾಟಿಸೋಣ. ಶಾಲು, ಹಾರಗಳ ಹಣ ಇದಕ್ಕೇ ಸಾಕು. ಪುಸ್ತಕ ಕೊಂಡು ಓದುವುದಕ್ಕಿಂತ ದೊಡ್ಡ ಸನ್ಮಾನ ಲೇಖಕನಿಗಿಲ್ಲ. ಅತಿಥಿಗಳು ಒಂದು ರಾತ್ರಿ ಉಳಿಯಲಿ, ಒಂದು ಕುಟುಂಬದ ಮನೆಯಲ್ಲಿ ಊಟ ಮಾಡಲಿ. ಮೊದಲ ಪ್ರಶ್ನೆಯನ್ನು ಮಕ್ಕಳು ಕೇಳಲಿ; ಸ್ವಾಗತ ಭಾಷಣ ಐದು ನಿಮಿಷ ಮೀರದಿರಲಿ, ಪಾದ್ರಿಗಳದೂ ಸಹ.

ಸಂಗೀತಗಾರರಿಗೆ ಸ್ವಂತ ಸಮಯವಿರಲಿ. ಯಲ್ಲಾಪುರ, ಹಳಿಯಾಳಗಳ ಸಿದ್ದಿ ಸಮುದಾಯದಲ್ಲಿ ಡಮಾಮಿ ನುಡಿಸಿ ಹಾಡುವವರಿದ್ದಾರೆ. ಅವರಲ್ಲಿ ನಮ್ಮ ಧರ್ಮಬಂಧುಗಳೂ ಇದ್ದಾರೆ. ಅವರನ್ನು ಮೆರವಣಿಗೆಯ ಮುಂದೆ ನಡೆಸಿ ಕಳುಹಿಸುವ ಬದಲು, ಒಂದು ಸಂಜೆ ಕೂಡಿಸಿ, ಆ ಹಾಡುಗಳು ಯಾರಿಂದ ಬಂದವು, ಏನು ಹೇಳುತ್ತವೆ ಎಂದು ಕೇಳೋಣ. ನಮ್ಮ ಯುವಕ ಯುವತಿಯರು ತಾವು ಓದಿದ ಕಥೆಯ ಮೇಲೊಂದು ಹಾಡು ಕಟ್ಟಲಿ. ಅದು ಕುಂಟಿದರೂ ಚಿಂತೆಯಿಲ್ಲ.

ನೀರಿನಡಿ ಹೋದ ಊರುಗಳ ಕಥೆಯನ್ನು ಮಕ್ಕಳ ಪಕ್ಕದಲ್ಲಿ ಕುಳಿತು ಹೇಳಬಲ್ಲವರಾಗಿದ್ದ ಡಿಸೋಜರು ಈಗ ಪುಸ್ತಕಗಳಲ್ಲಿ ಮಾತ್ರ ಸಿಗುತ್ತಾರೆ. ಬರೆಯುವವರೂ ಹಾಡುವವರೂ ಇನ್ನೂ ಅನೇಕರು ಶಿರಸಿ, ಸಾಗರ, ಯಲ್ಲಾಪುರಗಳಲ್ಲಿ ಬಸ್ಸಿನ ದೂರದಲ್ಲಿದ್ದಾರೆ. ಮುಂದಿನ ಮಳೆಗಾಲ ಬರುವುದರೊಳಗೆ ಅವರಲ್ಲಿ ಒಬ್ಬರಿಗಾದರೂ ಕಾಗದ ಬರೆಯೋಣ. ಅದಕ್ಕೂ ಮುಂಚೆ ಅವರ ಪುಸ್ತಕವನ್ನು ಓದಿ ಮುಗಿಸೋಣ.