ನೀಲಗಿರಿ ಎಣ್ಣೆ, ಅತ್ತರು ಕೊರಿಯರ್ ಮಾಡ್ತೀರಾ? ವಿಮಾನ ಹತ್ತೋ ಡಬ್ಬಕ್ಕೆ ನಿಯಮ ಇದೆ, ತಿಳ್ಕೊಳ್ಳಿ

ಮಡಿಕೇರಿ: ಕೊಡಗು ನೋಡಿ ಹೋದ ಪ್ರವಾಸಿಗರು ಊರು ತಲುಪಿದ ಮೇಲೆ ಅಂಗಡಿಗೆ ಫೋನ್ ಮಾಡೋದು ಈಗ ಮಾಮೂಲು. 'ಕಾಳುಮೆಣಸು ಅರ್ಧ ಕೆಜಿ, ಕಾಫಿ ಪುಡಿ ಎರಡು ಪ್ಯಾಕೆಟ್, ಹಾಗೇ ನೀಲಗಿರಿ ಎಣ್ಣೆ ನಾಲ್ಕು ಬಾಟಲಿ ಕಳಿಸಿಬಿಡಿ' ಅಂತಾರೆ. ಅಂಗಡಿಯವರು ಎಲ್ಲವನ್ನೂ ಒಂದೇ ರಟ್ಟಿನ ಡಬ್ಬಕ್ಕೆ ತುಂಬಿ, ಟೇಪ್ ಸುತ್ತಿ ಕೊರಿಯರ್‌ಗೆ ಕೊಡ್ತಾರೆ. ಒಳಗೇನಿದೆ ಅಂತ ಕೇಳಿದರೆ 'ಸ್ಪೈಸಸ್' ಅಂತ ಬರೆಸ್ತಾರೆ.

ಮೆಣಸು, ಕಾಫಿ ಪುಡಿಯಿಂದ ತೊಂದರೆ ಇಲ್ಲ. ತೊಂದರೆ ಇರೋದು ಆ ನಾಲ್ಕು ಬಾಟಲಿಯಲ್ಲಿ. ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ, ನಿಜ. ಆದರೆ ದೆಹಲಿಗೋ ಕೋಲ್ಕತ್ತಕ್ಕೋ ಅರ್ಜೆಂಟ್ ಅಂತ ಬುಕ್ ಮಾಡಿದ ಪಾರ್ಸೆಲ್ ಬೆಂಗಳೂರಿಗೆ ಹೋಗಿ ಅಲ್ಲಿಂದ ವಿಮಾನ ಹತ್ತಬಹುದು. ಅದೂ ಪ್ರಯಾಣಿಕರು ಕೂತಿರುವ ವಿಮಾನದ ಕೆಳಗಿನ ಸರಕು ಕೋಣೆಯಲ್ಲೇ ಹೋಗಬಹುದು.

ಯಾವುದು ಅಪಾಯಕಾರಿ ದ್ರವ?

ಇದನ್ನು ತೀರ್ಮಾನ ಮಾಡೋದು 'ಫ್ಲ್ಯಾಶ್ ಪಾಯಿಂಟ್'. ಅಂದರೆ, ದ್ರವದಿಂದ ಏಳುವ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥ ಕನಿಷ್ಠ ತಾಪಮಾನ. ಇದು 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ದ್ರವ 3ನೇ ವರ್ಗದ ಅಪಾಯಕಾರಿ ಸರಕು. ನೀಲಗಿರಿ ಎಣ್ಣೆಯದ್ದು ಸಾಮಾನ್ಯವಾಗಿ 50 ಡಿಗ್ರಿ ಆಸುಪಾಸು. ಆಲ್ಕೋಹಾಲ್ ಬೆರೆತ ಸೆಂಟು, ಸ್ಯಾನಿಟೈಸರ್, ನೇಲ್ ಪಾಲಿಶ್, ಥಿನ್ನರ್ ಕೂಡ ಇದೇ ಪಟ್ಟಿಯಲ್ಲಿ ಬರುತ್ತವೆ. ಬ್ಯಾಟರಿ ಆಸಿಡ್‌ನಂಥವು 8ನೇ ವರ್ಗ.

ತೆಂಗಿನೆಣ್ಣೆ, ಎಳ್ಳೆಣ್ಣೆಯ ಫ್ಲ್ಯಾಶ್ ಪಾಯಿಂಟ್ 200 ಡಿಗ್ರಿಗೂ ಮೇಲಿರೋದರಿಂದ ಅವು ಇದಕ್ಕೆ ಸೇರಲ್ಲ. ಜೇನುತುಪ್ಪವೂ ಸೇರಲ್ಲ.

ಲಾರಿಯಲ್ಲಿ ಸೋರದ ಬಾಟಲಿ ವಿಮಾನದಲ್ಲಿ ಯಾಕೆ ಸೋರುತ್ತೆ?

ವಿಮಾನ ಮೇಲೇರಿದಂತೆ ಸುತ್ತಲಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಬಾಟಲಿ ಒಳಗಿನ ಗಾಳಿ ಮಾತ್ರ ನೆಲದ ಮೇಲಿನ ಒತ್ತಡದಲ್ಲೇ ಇರುತ್ತದೆ. ಅದು ಮುಚ್ಚಳವನ್ನು ಒಳಗಿಂದ ತಳ್ಳುತ್ತದೆ. ಜೊತೆಗೆ ಗಂಟೆಗಟ್ಟಲೆ ಕಂಪನ ಬೇರೆ, ಮುಚ್ಚಳ ನಿಧಾನಕ್ಕೆ ಸಡಿಲವಾಗುತ್ತೆ. ಲಾರಿಯಲ್ಲಿ ವಾಸನೆ ಬಂದರೆ ಡ್ರೈವರ್ ಪಕ್ಕಕ್ಕೆ ನಿಲ್ಲಿಸಿ ಇಳೀಬಹುದು. ಮೇಲೆ ಹಾರುತ್ತಿರುವವರಿಗೆ ಆ ಅವಕಾಶ ಇಲ್ಲ.

1973ರ ನವೆಂಬರ್ 3ರಂದು ಅಮೆರಿಕದಲ್ಲಿ ಆಗಿದ್ದೂ ಇದೇ. ನ್ಯೂಯಾರ್ಕ್‌ನಿಂದ ಸ್ಕಾಟ್ಲೆಂಡ್‌ಗೆ ಹೊರಟಿದ್ದ ಪ್ಯಾನ್ ಆಮ್ ಸರಕು ವಿಮಾನದಲ್ಲಿ ನೈಟ್ರಿಕ್ ಆಸಿಡ್ ತುಂಬಿದ ಗಾಜಿನ ಬಾಟಲಿಗಳಿದ್ದವು. ಸುತ್ತ ತುಂಬಿದ್ದು ಮರದ ಹೊಟ್ಟು. ಆಸಿಡ್ ಸೋರಿ ಹೊಟ್ಟಿಗೆ ತಾಗಿ ಹೊಗೆ ಎದ್ದಿರಬೇಕು ಅಂತ ತನಿಖೆಯವರು ಅಂದಾಜು ಮಾಡಿದರು. ಬಾಸ್ಟನ್‌ನಲ್ಲಿ ಇಳಿಸಲು ಹೋದಾಗ ವಿಮಾನ ರನ್‌ವೇ ಹತ್ತಿರ ಪತನವಾಯಿತು. ಒಳಗಿದ್ದ ಮೂವರು ಸಿಬ್ಬಂದಿಯೂ ಸತ್ತರು.

2000ದ ಮಾರ್ಚ್‌ನಲ್ಲಿ ಬೀಜಿಂಗ್‌ನಿಂದ ಕೌಲಾಲಂಪುರಕ್ಕೆ ಬಂದ ಮಲೇಷ್ಯಾ ಏರ್‌ಲೈನ್ಸ್ ವಿಮಾನದಲ್ಲಿ ಇನ್ನೊಂದು ಪ್ರಕರಣ. ಕಾಗದದಲ್ಲಿ ಬರೆದಿದ್ದ ವಸ್ತು ಒಂದು, ಡಬ್ಬದಲ್ಲಿದ್ದದ್ದು ಆಕ್ಸಾಲಿಲ್ ಕ್ಲೋರೈಡ್ ಅನ್ನೋ ಕೊರೆಯುವ ದ್ರವ. ಅದು ಸೋರಿ ಸರಕು ಇಳಿಸುತ್ತಿದ್ದ ಕೆಲಸಗಾರರು ಅಸ್ವಸ್ಥರಾದರು. ವಿಮಾನ ಮತ್ತೆ ಹಾರಲೇ ಇಲ್ಲ.

ಹಾಗಾದರೆ ಪ್ಯಾಕಿಂಗ್ ಹೇಗಿರಬೇಕು?

ಒಳಗಿಂದ ಹೊರಗೆ ಒಂದೊಂದೇ ಪದರ ನೋಡೋಣ.

ಬಾಟಲಿ: ಕಂಠದವರೆಗೆ ತುಂಬಬಾರದು. 55 ಡಿಗ್ರಿ ಬಿಸಿಯಲ್ಲಿ ದ್ರವ ಹಿಗ್ಗಿದರೂ ಬಾಟಲಿ ಪೂರ್ತಿ ತುಂಬದಷ್ಟು ಜಾಗ ಬಿಡಬೇಕು. ಬಾಟಲಿ 95 ಕಿಲೋಪಾಸ್ಕಲ್ ಒತ್ತಡದ ವ್ಯತ್ಯಾಸಕ್ಕೆ ಸೋರದೆ ತಡೀಬೇಕು. 3ನೇ ವರ್ಗದಲ್ಲಿ ಅಪಾಯ ಕಡಿಮೆ ಇರುವ ದ್ರವಗಳಿಗೆ ಇದು 75. ನೀಲಗಿರಿ ಎಣ್ಣೆ ಸಾಮಾನ್ಯವಾಗಿ ಈ ಗುಂಪಿನದ್ದು.

ಮುಚ್ಚಳ: ಕೈಯಲ್ಲಿ ತಿರುಗಿಸಿದರೆ ಸಾಲದು. ಕಂಪನಕ್ಕೆ ಬಿಚ್ಚದ ಹಾಗೆ ಮೇಲೆ ಟೇಪ್ ಅಥವಾ ಸೀಲ್ ಬೇಕು.

ಹೀರುವ ವಸ್ತು: ಬಾಟಲಿ ಒಡೆದರೂ ದ್ರವ ಹೊರಗೆ ಬರದ ಹಾಗೆ ಹೀರುವ ವಸ್ತು, ಸೋರದ ಪ್ಲಾಸ್ಟಿಕ್ ಚೀಲ ಇರಲಿ. ತುಂಬುವ ವಸ್ತು ದ್ರವದ ಜೊತೆ ಸೇರಿ ಕೆಡಬಾರದು. ನಮ್ಮಲ್ಲಿ ಎಲ್ಲದಕ್ಕೂ ಥರ್ಮಾಕೋಲ್ ಹಾಕ್ತಾರೆ. ನೀಲಗಿರಿ ಎಣ್ಣೆ ತಾಗಿದರೆ ಥರ್ಮಾಕೋಲ್ ಕರಗಿ ಹೋಗುತ್ತೆ, ಬಾಟಲಿಗೆ ಆಧಾರವೇ ಇರಲ್ಲ.

ಹೊರಗಿನ ಡಬ್ಬ: ಬಿಸ್ಕತ್ತಿನ ಹಳೇ ರಟ್ಟಿನ ಡಬ್ಬ ನಡೆಯಲ್ಲ. ಪರೀಕ್ಷೆ ಮಾಡಿ ಯುಎನ್ ಗುರುತು ಹಾಕಿದ ಡಬ್ಬ ಬೇಕು. ಅದರ ಮೇಲೆ '4ಜಿ' ಅಂತಿದ್ದರೆ ರಟ್ಟಿನ ಡಬ್ಬ ಅಂತ ಅರ್ಥ. ಮುಂದೆ ಎಕ್ಸ್, ವೈ, ಝಡ್ ಅಂತ ಒಂದು ಅಕ್ಷರ ಇರುತ್ತೆ. ಎಕ್ಸ್ ಡಬ್ಬವನ್ನು 1.8 ಮೀಟರ್, ವೈ ಡಬ್ಬವನ್ನು 1.2 ಮೀಟರ್, ಝಡ್ ಡಬ್ಬವನ್ನು 0.8 ಮೀಟರ್ ಎತ್ತರದಿಂದ ಬೀಳಿಸಿ ನೋಡಿರುತ್ತಾರೆ. ನಮ್ಮ ದೇಶದಲ್ಲಿ ಈ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡೋದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್.

ಗುರುತು: ಎದುರುಬದುರು ಎರಡು ಬದಿಗೆ 'ಈ ಕಡೆ ಮೇಲೆ' ಅನ್ನೋ ಬಾಣ, ಯುಎನ್ ಸಂಖ್ಯೆ, ವಸ್ತುವಿನ ಸರಿಯಾದ ಹೆಸರು, ಬೆಂಕಿಯ ಚಿತ್ರ ಇರೋ ಕೆಂಪು ಲೇಬಲ್ ಇರಬೇಕು. ಸೆಂಟಿನ ಯುಎನ್ ಸಂಖ್ಯೆ 1266. ಜೊತೆಗೆ ಕಳಿಸುವವರ ಸಹಿ ಇರುವ ಘೋಷಣಾ ಪತ್ರ ಬೇಕು. ಈ ಕೆಲಸ ಮಾಡೋರು ತರಬೇತಿ ಪಡೆದಿರಬೇಕು.

ಸಣ್ಣ ಬಾಟಲಿಗೆ ರಿಯಾಯಿತಿ ಇದೆಯಾ?

ಇದೆ. ಸೆಂಟಿನಂಥ ದ್ರವ 30 ಎಂಎಲ್ ಮೀರದ ಬಾಟಲಿಗಳಲ್ಲಿದ್ದು, ಡಬ್ಬದಲ್ಲಿ ಒಟ್ಟು 500 ಎಂಎಲ್ ದಾಟದಿದ್ದರೆ ಯುಎನ್ ಡಬ್ಬ, ಘೋಷಣಾ ಪತ್ರ ಬೇಡ. ಅಪಾಯ ಕಡಿಮೆ ಇರುವ ಗುಂಪಿಗೆ ಒಟ್ಟು 1 ಲೀಟರ್‌ವರೆಗೆ ಅವಕಾಶ. ಆದರೂ ಹೀರುವ ವಸ್ತು, ಗಟ್ಟಿ ಡಬ್ಬ, ಅದಕ್ಕೆಂದೇ ಇರುವ ಗುರುತು ಬೇಕೇ ಬೇಕು. ಕೊರಿಯರ್‌ನವರೂ ಒಪ್ಪಬೇಕು. ಅಂಚೆಯಲ್ಲಂತೂ ಬೆಂಕಿ ಹತ್ತುವ ದ್ರವ ಕಳಿಸುವಂತಿಲ್ಲ.

ಅಂಗಡಿಯವರು ಏನು ಮಾಡಬಹುದು?

ಎಣ್ಣೆ ಕೊಡುವ ಹೋಲ್‌ಸೇಲ್‌ನವರ ಹತ್ತಿರ 'ಸೇಫ್ಟಿ ಡೇಟಾ ಶೀಟ್' ಕೇಳಿ. ಅದರ 9ನೇ ಭಾಗದಲ್ಲಿ ಫ್ಲ್ಯಾಶ್ ಪಾಯಿಂಟ್, 14ನೇ ಭಾಗದಲ್ಲಿ ಯುಎನ್ ಸಂಖ್ಯೆ ಇರುತ್ತೆ. ಮೆಣಸು, ಕಾಫಿಯ ಪಾರ್ಸೆಲ್ ಬೇರೆ ಮಾಡಿ, ಎಣ್ಣೆ ಬೇರೆ ಮಾಡಿ. ಎಣ್ಣೆಯ ಡಬ್ಬಕ್ಕೆ 'ಸರ್ಫೇಸ್', ಅಂದರೆ ರಸ್ತೆ ಮೂಲಕ ಕಳಿಸೋಕೆ ಆಗುತ್ತಾ ಅಂತ ಕೇಳಿ. ನಾಲ್ಕು ದಿನ ತಡವಾಗಬಹುದು, ಗಿರಾಕಿಗೆ ಮೊದಲೇ ಹೇಳಿದರೆ ಆಯ್ತು.

ಮುಖ್ಯವಾಗಿ, ಒಳಗೆ ಏನಿದೆಯೋ ಅದನ್ನೇ ಬರೆಸಿ. ಅಪಾಯಕಾರಿ ಸರಕನ್ನು ಮುಚ್ಚಿಟ್ಟು ವಿಮಾನಕ್ಕೆ ಹಾಕೋದು ನಿಯಮಗಳ ಪ್ರಕಾರ ತಪ್ಪು, ಹೊಣೆ ಕಳಿಸಿದವರದ್ದೇ. 'ಎಣ್ಣೆ' ಅಂತ ಬರೆಸಿದರೆ ಕೊರಿಯರ್‌ನವರು ಬೇಡ ಅನ್ನಬಹುದು. ಆಗ ನಷ್ಟ ನಾಲ್ಕು ಬಾಟಲಿಯ ವ್ಯಾಪಾರ ಮಾತ್ರ. 'ಸ್ಪೈಸಸ್' ಅಂತ ಬರೆಸಿದರೆ ಒಳಗೇನಿದೆ ಅಂತ ಲೋಡ್ ಮಾಡೋರಿಗೂ ಗೊತ್ತಿರಲ್ಲ, ಪೈಲಟ್‌ಗೂ ಗೊತ್ತಿರಲ್ಲ.