ಸಂಗಮದ ನೀರಲ್ಲೊಂದು ಮೂಗು

ನಮ್ಮ ಸೀಮೆಗೆ ಸಮುದ್ರವಿಲ್ಲ. ರಾಮನಗರದಿಂದಾಗಲಿ ಮಾಗಡಿಯಿಂದಾಗಲಿ ಕಡಲಾಮೆ ನೋಡಲು ಹೊರಟವರು ಘಟ್ಟ ಇಳಿದು ಹೊನ್ನಾವರದ ಕಾಸರಕೋಡು ಟೊಂಕಕ್ಕೋ ಕಾರವಾರದ ಕಡೆಗೋ ಹೋಗಬೇಕು. ಅದೂ ಚಳಿಗಾಲದ ರಾತ್ರಿಯಲ್ಲಿ, ಅದೃಷ್ಟ ಚೆನ್ನಾಗಿದ್ದರೆ. ಆದರೆ ಮರಳು, ನೀರು, ಆಮೆ ಮೂರೂ ಒಂದೇ ಕಡೆ ಇರುವ ಜಾಗವೊಂದು ಕನಕಪುರ ತಾಲ್ಲೂಕಿನಲ್ಲೇ ಇದೆ. ಅರ್ಕಾವತಿ ಹೋಗಿ ಕಾವೇರಿಗೆ ಸೇರುವ ಸಂಗಮ. ಭಾನುವಾರ ಬಂತೆಂದರೆ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಬಂದವರಲ್ಲಿ ಎಷ್ಟು ಜನಕ್ಕೆ ತಾವು ಸ್ನಾನಕ್ಕಿಳಿದ ಹೊಳೆಯಲ್ಲಿ ಕಡಲಾಮೆಗಿಂತ ಹೆಚ್ಚು ಅಪಾಯದಲ್ಲಿರುವ ಆಮೆಯೊಂದು ಬದುಕುತ್ತಿದೆ ಎಂದು ಗೊತ್ತಿದೆಯೋ, ಕೇಳಿ ನೋಡಿದೆ. ಒಬ್ಬರು "ಮೊಸಳೆ ಗೊತ್ತು, ಆಮೆ ಗೊತ್ತಿಲ್ಲ" ಎಂದರು. ಉಳಿದವರು ನಕ್ಕರು.

ಕನಕಪುರ ಬಿಟ್ಟು ದೊಡ್ಡಆಲಹಳ್ಳಿ ದಾಟುವ ತನಕ ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ, ತೆಂಗು, ಅಲ್ಲಲ್ಲಿ ರಾಗಿ ಹೊಲ. ಆಮೇಲೆ ಊರುಗಳು ವಿರಳವಾಗಿ ಕುರುಚಲು ಕಾಡು ಶುರುವಾಗುತ್ತದೆ, ರಸ್ತೆ ತಿರುಗಿ ತಿರುಗಿ ಕೆಳಗಿಳಿಯುತ್ತದೆ. ಇದು ಕಾವೇರಿ ವನ್ಯಜೀವಿ ಧಾಮ. 1987ರಲ್ಲಿ ಘೋಷಣೆಯಾದದ್ದು, 2013ರಲ್ಲಿ ವಿಸ್ತರಿಸಿ ಸಾವಿರ ಚದರ ಕಿಲೋಮೀಟರ್ ದಾಟಿತು. ಆನೆ ಇದೆ, ಚಿರತೆ ಇದೆ, ಹೊಳೆದಂಡೆಯ ಮತ್ತಿಮರಗಳ ಮೇಲೆ ಬೇರೆಡೆ ಅಪರೂಪವಾದ ಬೂದು ಬಣ್ಣದ ದೊಡ್ಡ ಅಳಿಲಿದೆ.

ಇಳಿಜಾರು ಮುಗಿದಲ್ಲಿ ಹೊಳೆ. ಮೊದಲು ಸಿಗುವುದು ಅರ್ಕಾವತಿ. ನಂದಿಬೆಟ್ಟದ ಕಡೆಯಿಂದ ಹೊರಟು ಮಾಗಡಿಯ ಮಂಚನಬೆಲೆ, ರಾಮನಗರ, ಕನಕಪುರ, ಹಾರೋಬೆಲೆ ಅಣೆಕಟ್ಟು ಎಲ್ಲ ದಾಟಿ ಬರುವ ಹೊಳೆ ಇದು. ದಾರಿಯಲ್ಲಿ ವೃಷಭಾವತಿ ಬಂದು ಬೆಂಗಳೂರಿನ ಕೊಳೆಯನ್ನೂ ಅದರ ಮಡಿಲಿಗೆ ಹಾಕಿರುತ್ತದೆ. ಚನ್ನಪಟ್ಟಣದವರು ನಮಗೇನು ಸಂಬಂಧ ಎನ್ನುವಂತಿಲ್ಲ. ಅವರ ಕಣ್ವ ಶಿಂಷೆಗೆ ಸೇರಿ, ಶಿಂಷೆ ಮೇಲುಗಡೆಯೇ ಕಾವೇರಿಗೆ ಸೇರಿ, ಆ ನೀರೂ ಇಲ್ಲಿಗೇ ಬರುತ್ತದೆ. ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ ನಾಲ್ಕೂ ತಾಲ್ಲೂಕಿನ ನೀರು ಈ ಬಂಡೆಗಳ ಮುಂದೆ ಹಾದು ಹೋಗಲೇಬೇಕು. ಎರಡು ಹೊಳೆ ಕೂಡುವಲ್ಲಿ ನಿಂತರೆ ಬಣ್ಣದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅರ್ಕಾವತಿ ಮಂಕು, ಕಾವೇರಿ ತಿಳಿ.

ಸಂಗಮದ ಮುಖ್ಯ ಜಾಗದಲ್ಲಿ ಆಮೆ ಹುಡುಕುವುದು ದಂಡ. ಅಲ್ಲಿ ಮಕ್ಕಳ ಕಿರುಚಾಟ, ಬ್ಲೂಟೂತ್ ಸ್ಪೀಕರು, ಚಿಪ್ಸ್ ಪೊಟ್ಟಣ. ತೆಪ್ಪದವನೊಬ್ಬನನ್ನು ಮಾತಾಡಿಸಿಕೊಂಡು, ಬಿಸಿಲೇರುವ ಮೊದಲೇ ಜನ ಇಲ್ಲದ ಕಡೆ ದಂಡೆ ಹಿಡಿದು ನಡೆದೆ. ಕಾಲಿಗೆ ಮೊದಲು ದಪ್ಪ ಮರಳು, ಆಮೇಲೆ ನುಣ್ಣನೆ ಬಂಡೆ, ಮತ್ತೆ ಮರಳು. ಮತ್ತಿಮರದ ಬೇರುಗಳು ನೀರಿನವರೆಗೂ ಇಳಿದಿವೆ.

"ಸಾ, ಕಲ್ಲಿನ ಮೇಲೆ ನೋಡ್ತಾ ಕೂತ್ರೆ ಸಿಗಾಕಿಲ್ಲ. ಕಲ್ಲಿನ ಪಕ್ಕದ ನೀರು ನೋಡಿ, ಅಲುಗದಿರೋ ನೀರು" ಅಂದ ತೆಪ್ಪದವ.

ಮೊದಲು ಕಂಡದ್ದು ಮೊಸಳೆ. ಎದುರು ದಂಡೆಯ ಬಂಡೆ ಮೇಲೆ ಒಣಗಿದ ದಿಮ್ಮಿ ಎಂದುಕೊಂಡಿದ್ದು ಬಾಯಿ ತೆರೆಯಿತು. ಅಷ್ಟೇ, ಮುಂದೆ ಅಲುಗಲಿಲ್ಲ. ಅದನ್ನು ನೋಡಿದ ಮೇಲೆ ನೀರಿಗೆ ಕಾಲು ಇಳಿಬಿಟ್ಟು ಕೂರುವ ಆಸೆ ಯಾರಿಗೂ ಉಳಿಯುವುದಿಲ್ಲ.

ಆಮೆ ಸಿಕ್ಕಿದ್ದು ಎಷ್ಟೋ ಹೊತ್ತಾದ ಮೇಲೆ. ಸಿಕ್ಕಿದ್ದೆಂದರೆ ಇಡೀ ಆಮೆ ಎಂದುಕೊಳ್ಳಬೇಡಿ. ಬಂಡೆಯ ನೆರಳು ಬಿದ್ದ ನೀರಿನಲ್ಲಿ, ತುದಿಯಲ್ಲಿ ಎರಡು ಹೊಳ್ಳೆಗಳಿರುವ ಸಣ್ಣ ಕೊಳವೆಯಂಥ ಮೂಗು ಮೇಲೆದ್ದಿತು. ಅದರ ಹಿಂದೆ ಹಸಿರು ಮಿಶ್ರಿತ ತಲೆ, ಕಣ್ಣಿನ ಹಿಂದಕ್ಕೆ ಹರಿದ ಕಪ್ಪು ಗೆರೆ. ಉಸಿರೆಳೆದುಕೊಂಡು ಮುಳುಗಿತು. ಸುತ್ತ ಒಂದು ಉಂಗುರವೂ ಏಳಲಿಲ್ಲ. ಮತ್ತೆ ಎದ್ದಾಗ ಅಷ್ಟು ದೂರದಲ್ಲಿತ್ತು. ಈ ಸಲ ಬೆನ್ನೂ ಒಂದು ಕ್ಷಣ ಕಂಡಿತು. ಚಪ್ಪಟೆ, ಅಂಚು ರೊಟ್ಟಿಯಂತೆ ಮೆತ್ತಗೆ ಬಳುಕುತ್ತಿತ್ತು.

ಇದು ಮೆದುಚಿಪ್ಪಿನ ಆಮೆಗಳ ಜಾತಿಯದು. ವಿಜ್ಞಾನಿಗಳ ಹೆಸರು ನಿಲ್ಸೋನಿಯಾ ಲೀಥಿಯೈ. 1872ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಗ್ರೇ ಇದನ್ನು ಲೋಕಕ್ಕೆ ಪರಿಚಯಿಸಿದ. ಭಾರತದ ಪರ್ಯಾಯದ್ವೀಪದ ಹೊಳೆಗಳನ್ನು ಬಿಟ್ಟರೆ ಇದಕ್ಕೆ ಬೇರೆ ನೆಲೆಯಿಲ್ಲ. ಗಟ್ಟಿ ಚಕ್ಕೆಗಳ ಬದಲು ಬೆನ್ನಿನ ಮೂಳೆಯ ಮೇಲೆ ದಪ್ಪ ಚರ್ಮ. ಕಾಲಿಗೆ ಮೂರು ಮೂರೇ ಉಗುರು. ಮರಿಯ ಬೆನ್ನ ಮೇಲೆ ಕಣ್ಣಿನಾಕಾರದ ದುಂಡು ಮಚ್ಚೆಗಳಿರುತ್ತವೆ, ಬೆಳೆದಂತೆಲ್ಲ ಮಾಸುತ್ತವೆ. ದೊಡ್ಡದಾದರೆ ಚಿಪ್ಪೇ ಎರಡಡಿ ಉದ್ದ. ಹಗಲಲ್ಲಿ ತಳದ ಮರಳಿನೊಳಗೆ ಹುದುಗಿಕೊಂಡು ಉದ್ದ ಕತ್ತನ್ನಷ್ಟೇ ಚಾಚುವ ಪ್ರಾಣಿಯನ್ನು ಮೇಲಿನಿಂದ ನೋಡಿ ಪತ್ತೆ ಹಚ್ಚುತ್ತೇನೆ ಎನ್ನುವವರಿಗೆ ತಾಳ್ಮೆ ಬೇಕು. ಮೀನು, ಶಂಖದ ಹುಳು, ಜೊತೆಗೆ ತೇಲಿಬಂದ ಕೊಳೆತದ್ದನ್ನೂ ತಿನ್ನುವುದರಿಂದ ಹೊಳೆ ಚೊಕ್ಕಟ ಮಾಡುವ ಕೆಲಸವೂ ಇದರದೇ.

ಹೊನ್ನಾವರದ ಕಡೆಗೆ ಬರುವ ಆಲಿವ್ ರಿಡ್ಲಿ ಕಡಲಾಮೆಯನ್ನು ಅಂತರರಾಷ್ಟ್ರೀಯ ಕೆಂಪು ಪಟ್ಟಿ 'ದುರ್ಬಲ' ಎಂಬ ಮೆಟ್ಟಿಲಲ್ಲಿ ಇಟ್ಟಿದೆ. ನಮ್ಮ ಹೊಳೆಯ ಆಮೆ ಅದೇ ಪಟ್ಟಿಯಲ್ಲಿ ಎರಡು ಮೆಟ್ಟಿಲು ಆಚೆಗಿದೆ. 'ತೀವ್ರ ಅಪಾಯದಲ್ಲಿದೆ' ಎಂಬ ಆ ಮೆಟ್ಟಿಲ ನಂತರ ಕಾಡಿನಿಂದಲೇ ಅಳಿಯುವುದಷ್ಟೇ ಬಾಕಿ. 2022ರ ನವೆಂಬರ್‌ನಲ್ಲಿ ಪನಾಮಾದಲ್ಲಿ ಸೈಟಿಸ್ ಒಪ್ಪಂದದ ದೇಶಗಳು ಸೇರಿದಾಗ, ಭಾರತದ ಕೋರಿಕೆಯ ಮೇಲೆ ಇದನ್ನು ಮೊದಲನೇ ಅನುಬಂಧಕ್ಕೆ ಏರಿಸಿದರು. ಅಂದರೆ ದೇಶದಿಂದ ದೇಶಕ್ಕೆ ಇದರ ವ್ಯಾಪಾರ ಪೂರ್ತಿ ಬಂದ್. ಮಾಂಸಕ್ಕೂ ಚಿಪ್ಪಿನಂಚಿನ ಚರ್ಮಕ್ಕೂ ಕಳ್ಳ ಗಿರಾಕಿಗಳಿದ್ದಾರೆ.

ಕರಾವಳಿಯಲ್ಲಿ ಕಡಲಾಮೆ ಮೊಟ್ಟೆಯಿಟ್ಟರೆ ಅರಣ್ಯ ಇಲಾಖೆಯವರು ಬಂದು ಗೂಡಿಗೆ ಬಲೆ ಕಟ್ಟುತ್ತಾರೆ, ಊರವರು ಕಾಯುತ್ತಾರೆ, ಐವತ್ತು ದಿನದ ಆಸುಪಾಸಿನಲ್ಲಿ ಮರಿ ಹೊರಬಂದಾಗ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಅದು ಚೆನ್ನಾಗಿಯೇ ಇದೆ. ಇಲ್ಲಿನ ಆಮೆಯೂ ದಂಡೆಯ ಮೇಲೇ ಮೊಟ್ಟೆ ಹೂಳಬೇಕು. ನಾನು ನಡೆದಷ್ಟು ದೂರ ಅದನ್ನು ಹೇಳುವ ಒಂದು ಫಲಕ ಕಾಣಲಿಲ್ಲ. ಕಂಡದ್ದು ಮೂರು ಕಲ್ಲಿನ ಒಲೆಗಳ ಬೂದಿ, ಕೋಳಿ ಪುಕ್ಕ, ಒಡೆದ ಬಾಟಲಿ. ಹೊಳೆಯ ಮರಳಿನ ಕಥೆಯಂತೂ ಹೇಳುವಂತಿಲ್ಲ. ಬೆಂಗಳೂರಿನ ಗೋಡೆಗಳೊಳಗೆ ಎಷ್ಟು ಅರ್ಕಾವತಿ ಸೇರಿಹೋಗಿದೆಯೋ.

ಸಂಗಮಕ್ಕೆ ಬಂದವರು ಮೇಕೆದಾಟು ನೋಡದೆ ಹೋಗುವುದಿಲ್ಲ. ಅರ್ಕಾವತಿಯನ್ನು ನೀರು ಕಡಿಮೆ ಇದ್ದಾಗ ಕಾಲ್ನಡಿಗೆಯಲ್ಲಿ, ಇಲ್ಲವೆ ತೆಪ್ಪದಲ್ಲಿ ದಾಟಿ, ಆಚೆ ದಡದಲ್ಲಿ ನಿಂತ ಹಳೇ ಬಸ್ಸು ಹತ್ತಿದರೆ ನಾಲ್ಕು ಕಿಲೋಮೀಟರು. ಬಸ್ಸು ಅಲುಗಾಡುವ ಪರಿಗೆ ಬೆನ್ನು ನೋವಿನವರು ಯೋಚಿಸಿ ಹತ್ತಬೇಕು. ಅಷ್ಟಗಲದ ಕಾವೇರಿ ಅಲ್ಲಿ ಇಕ್ಕಟ್ಟಾದ ಬಂಡೆಯ ಸೀಳಿನೊಳಗೆ ನುಗ್ಗುತ್ತದೆ. ಬಂಡೆಗಳಲ್ಲಿ ನೀರು ಕೊರೆದ ಗುಂಡಿಗಳು, ಒಳಗೆ ಉರುಟು ಕಲ್ಲು. ಅಲ್ಲಿ ಆಮೆಗೆ ಜಾಗವಿಲ್ಲ, ಈಜುವವರಿಗೆ ಮೊದಲೇ ಇಲ್ಲ. ಮುಳುಗಿ ಸತ್ತವರ ಸುದ್ದಿ ಬರುತ್ತಲೇ ಇರುತ್ತದೆ, ಸೆಲ್ಫಿ ತೆಗೆಯುವವರೂ ಅಂಚಿಗೆ ಹೋಗುತ್ತಲೇ ಇರುತ್ತಾರೆ.

ಮೇಕೆದಾಟು ಎಂದ ಕೂಡಲೇ ಅಣೆಕಟ್ಟಿನ ಮಾತು ಬರುತ್ತದೆ. 67 ಟಿಎಂಸಿ ನೀರು ನಿಲ್ಲಿಸುವ ಯೋಜನೆ, ಮುಖ್ಯವಾಗಿ ಬೆಂಗಳೂರಿನ ಕುಡಿಯುವ ನೀರಿಗೆ. 2022ರ ಜನವರಿಯಲ್ಲಿ ಅದಕ್ಕಾಗಿ ಪಾದಯಾತ್ರೆ ಹೊರಟದ್ದೂ ಇದೇ ಸಂಗಮದಿಂದ. ಮುಳುಗುವುದು ಸುಮಾರು ಐದು ಸಾವಿರ ಹೆಕ್ಟೇರು, ಅದರಲ್ಲಿ ಬಹುಪಾಲು ಕಾಡು. ನೀರು ಬೇಕೆನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ, ನಮ್ಮ ಮಕ್ಕಳೂ ಆ ಊರಲ್ಲೇ ಇದ್ದಾರೆ. ಆದರೆ ಹರಿಯುವ ಹೊಳೆ ನಿಂತ ನೀರಾದ ಮೇಲೆ ಮರಳ ದಂಡೆ ಎನ್ನುವುದು ಉಳಿಯುವುದಿಲ್ಲ ಎಂಬ ಲೆಕ್ಕ ಪರ ವಿರೋಧದ ಯಾವ ಭಾಷಣದಲ್ಲೂ ನನ್ನ ಕಿವಿಗೆ ಬಿದ್ದಿಲ್ಲ.

ಹಿಂದಿರುಗಿ ಬಂದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಸಂಗಮದ ಅಂಗಡಿ ಸಾಲಿನಲ್ಲಿ ಮಸಾಲೆ ಮೆತ್ತಿದ ಮೀನು ಸಾಲಾಗಿ ಜೋಡಿಸಿಟ್ಟು, ಕೇಳಿದವರಿಗೆ ಕಾವಲಿ ಮೇಲೆ ಹುರಿದು ಕೊಡುತ್ತಾರೆ. ಹುರಿಯುತ್ತಿದ್ದ ಹೆಂಗಸನ್ನು ಕೇಳಿದೆ, "ಅಕ್ಕ, ಬಲೆಗೆ ಆಮೆ ಬೀಳೋದುಂಟಾ?"

"ಬೀಳ್ತದೆ ಕಣಣ್ಣ. ಬಿದ್ರೆ ಬಲೆ ಹರ್ದಾಕ್ತದೆ, ಬಿಡ್ಸೋಕೋದ್ರೆ ಕೈ ಕಚ್ತದೆ. ಅದ್ಯಾಕೆ ಬೇಕು ಅಂತ ನಮ್ಮೋರು ದಾರ ಕುಯ್ದು ಬಿಟ್ಬುಡ್ತಾರೆ" ಎಂದಳು. ಕಾಯ್ದೆಯ ಭಯವೋ ಕಚ್ಚಿಸಿಕೊಳ್ಳುವ ಭಯವೋ, ಆಮೆಗೆ ಎರಡೂ ಒಂದೇ.

ಹೋಗುವವರು ಮಳೆಗಾಲ ಕಳೆದ ಮೇಲೆ ಹೋಗಿ. ಕಾವೇರಿ ತುಂಬಿದ್ದಾಗ ತೆಪ್ಪ ನಿಲ್ಲಿಸಿರುತ್ತಾರೆ. ವಾರದ ದಿನ, ಬೆಳಿಗ್ಗೆ ಬೇಗ, ಕೈಯಲ್ಲೊಂದು ದುರ್ಬೀನು ಇದ್ದರೆ ಸಾಕು. ಮರಳಲ್ಲಿ ಒಲೆ ಹೂಡಬೇಡಿ. ಊಟಕ್ಕೆ ಮೀನು ಬೇಕಿದ್ದರೆ ಹೋಗುವಾಗಲೇ ಹೇಳಿಟ್ಟು ಹೋಗಿ, ಭಾನುವಾರವಾದರೆ ಮಧ್ಯಾಹ್ನದ ಹೊತ್ತಿಗೆ ಒಳ್ಳೆಯದೆಲ್ಲ ಖಾಲಿ.